ಹಳೇ ಜೋಡಿ ನಳಿಗೆ ಕೋವಿ: 8, 10, 12ರಲ್ಲಿ ಯಾವುದು?

ಇಂಗ್ಲೆಂಡಿನ ಕರಾವಳಿ ಕೆಸರಲ್ಲಿ ಬಾತು, ಹೆಬ್ಬಾತು ಬೇಟೆಗೆ ಹಳೇ 8 ಬೋರೋ 10 ಬೋರೋ ಅಂತ ಕೇಳಿದ್ದೀರಿ. 12ನ್ನೂ ಸೇರಿಸಿಕೊಳ್ಳಿ. ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ಸಂಖ್ಯೆ ಚಿಕ್ಕದಾದಷ್ಟು ನಳಿಗೆ ಅಗಲ, ಅದು ಗೊತ್ತಲ್ವಾ?

8 ಬೋರ್ ಸುಮಾರು 6 ಕೆಜಿ ತೂಗುತ್ತದೆ. ಕತ್ತಲಲ್ಲಿ, ಮೊಣಕಾಲುದ್ದ ಕೆಸರಲ್ಲಿ ಅದನ್ನು ಹೊತ್ತು ಒಂದು ಮೈಲಿ ನಡೆದರೆ ಭುಜ ಬಿದ್ದುಹೋಗುತ್ತದೆ, ಆದರೆ ಆ ತೂಕವೇ ಒದೆತವನ್ನು ನುಂಗುತ್ತದೆ. ಒಂದೇ ಕಡೆ ಕೂತು ಹೆಬ್ಬಾತಿಗೆ ಕಾಯುವವರಿಗೆ ಸರಿ. ಥಟ್ಟನೆ ತಿರುಗುವ ಬಾತಿಗೆ 12 ಒಳ್ಳೆಯದು, ತೂಕ ಹತ್ತಿರತ್ತಿರ ಅರ್ಧ.

ಖರ್ಚು ಇರುವುದು ತೋಟಾದಲ್ಲಿ. ಇಂಗ್ಲೆಂಡಿನಲ್ಲಿ ನೀರುಹಕ್ಕಿಗೆ ಸೀಸದ ಗುಂಡು 1999ರಿಂದ ನಿಷೇಧ. ಉಕ್ಕಿನ ಗುಂಡು ಹಳೇ ನಳಿಗೆಗೆ ಬೇಡ. ಮೆತ್ತಗಿನ ಬಿಸ್ಮತ್ ಲೋಹದ ಗುಂಡು ದುಬಾರಿ, 8ಕ್ಕೆ ಅದು ಇನ್ನೂ ಜಾಸ್ತಿ ಬೇಕು, ತೋಟಾವನ್ನೂ ಬಹುಪಾಲು ನೀವೇ ತುಂಬಿಕೊಳ್ಳಬೇಕು.

10ರಲ್ಲಿ ಒಂದು ಮೋಸವಿದೆ: ಹಳೆಯವುಗಳಲ್ಲಿ ತೋಟಾ ಕೂರುವ ಕೋಣೆ ಗಿಡ್ಡ, ಇಂದಿನ ಮೂರೂವರೆ ಇಂಚಿನ ತೋಟಾ ಹಾಕಲೇಬೇಡಿ. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ, ಸುರುಳಿ ಗೆರೆಯ ಡಮಾಸ್ಕಸ್ ನಳಿಗೆ ನೋಡಿ ಸುಮ್ನೆ ಮರುಳಾಗಬೇಡಿ. ಕೊಳ್ಳುವ ಮೊದಲು ಬಲ್ಲ ಕೋವಿ ರಿಪೇರಿಯವರಿಂದ ನಳಿಗೆಯ ಗೋಡೆ ಎಷ್ಟು ದಪ್ಪ ಅಂತ ಅಳೆಸಿ. ಅಮೆರಿಕದಲ್ಲಿದ್ದರೆ 8 ಮರೆತುಬಿಡಿ, ವಲಸೆ ನೀರುಹಕ್ಕಿಗೆ 10 ಬೋರ್‌ಗಿಂತ ಅಗಲವಾದ ನಳಿಗೆಗೆ ಕಾನೂನಿನ ಒಪ್ಪಿಗೆಯಿಲ್ಲ.