ಅಜ್ಜನ ಲೆಕ್ಕದ ಪುಸ್ತಕ, ಖಾಲಿ ಹಾಳೆ ಮತ್ತು ಪಿಲ್ಲೋ

ನಮ್ಮ ಅಜ್ಜ ಅಡಿಕೆ ತೋಟದ ಲೆಕ್ಕ ಬರೆದಿಟ್ಟ ಹನ್ನೊಂದು ಪುಸ್ತಕ ಮನೆಯಲ್ಲಿವೆ. ಶಿರಸಿ ಮಳೆಗಾಲದ ಥಂಡಿಗೆ ಹಾಳೆಗಳಿಗೆ ಬೂಸ್ಟು ಹಿಡಿಯತೊಡಗಿತ್ತು. ಈ ವರ್ಷ ಕೂತು ಎಲ್ಲವನ್ನೂ ಸ್ಕ್ಯಾನ್ ಮಾಡಿದೆ. 1,140 ಚಿತ್ರ ಆಯಿತು. ಅಜ್ಜ ಹೆಚ್ಚಾಗಿ ಒಂದೇ ಬದಿ ಬರೆಯುತ್ತಿದ್ದರು, ಹಾಗಾಗಿ ಸುಮಾರು ಅರ್ಧ ಖಾಲಿ. ಖಾಲಿ ಹಾಳೆ ಬೇರೆ ಮಾಡಲು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ.

ಮೊದಲು ಹಿಡಿದದ್ದು ಓಪನ್‌ಸಿವಿ, ಚಿತ್ರಗಳ ಕೆಲಸಕ್ಕೆ ಇರುವ ಒಂದು ಲೈಬ್ರರಿ (ಸಿದ್ಧ ಕೋಡಿನ ಸಂಗ್ರಹ). ವೇಗ ಚೆನ್ನಾಗಿದೆ. ಆದರೆ ಚಿತ್ರ ಓದುವ ಅದರ ಇಮ್‌ರೀಡ್ ಫಂಕ್ಷನ್‌ಗೆ ಫೈಲ್ ಸಿಗದಿದ್ದರೂ ಎರರ್ ಬರುವುದಿಲ್ಲ, ಸುಮ್ನೆ 'ನನ್' (None, ಅಂದರೆ 'ಏನೂ ಇಲ್ಲ') ಕೈಗೆ ಬರುತ್ತದೆ. 'ಇಫ್ ಇಮೇಜ್' ಅಂತ ಪರೀಕ್ಷಿಸಿದರೆ ಒಳ್ಳೆ ಚಿತ್ರಕ್ಕೇ ವ್ಯಾಲ್ಯೂಎರರ್ ಬರುತ್ತದೆ. ಯಾಕಂದ್ರೆ ಅದು ಲಕ್ಷಾಂತರ ಅಂಕಿಗಳ ಅರೇ (ಅಂಕಿಗಳ ಪಟ್ಟಿ), ಇಡೀ ಪಟ್ಟಿಗೆ ಹೌದು-ಅಲ್ಲ ಅಂತ ಒಂದೇ ಉತ್ತರ ಇರುವುದಿಲ್ಲ. 'ಈಸ್ ನನ್' ಅಂತಲೇ ಕೇಳಬೇಕು. ಅಂಚಿನ ಹೊರಗೆ ಕ್ರಾಪ್ ಮಾಡಿದರೆ 'ನನ್' ಕೂಡ ಅಲ್ಲ, ಸೈಜ್ ಸೊನ್ನೆಯ ಅರೇ ಸಿಗುತ್ತದೆ. ಅದನ್ನೂ ನೋಡಬೇಕು.

ಪೈಥಾನ್‌ನ ಇನ್ನೊಂದು ಚಿತ್ರ ಲೈಬ್ರರಿ ಪಿಲ್ಲೋ ನನಗೆ ಹಿಡಿಸಿದ್ದು ಇಲ್ಲೇ. ಫೈಲ್ ಇಲ್ಲದಿದ್ದರೆ, ಸೊನ್ನೆ ಬೈಟ್ ಇದ್ದರೆ, ಅಲ್ಲೇ ನಿಲ್ಲಿಸಿ ಹೇಳುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಓಪನ್ ಮಾಡಿದಾಗ ಅದು ಓದುವುದು ಫೈಲಿನ ತಲೆಭಾಗ ಅಷ್ಟೇ. ಸ್ಕ್ಯಾನ್ ನಡುವೆ ಕರೆಂಟು ಹೋಗಿ ಅರ್ಧಕ್ಕೆ ನಿಂತ ಫೈಲೊಂದು ಇತ್ತು. ಓಪನ್ ಆಯಿತು, ಉದ್ದ ಅಗಲವನ್ನೂ ಸರಿಯಾಗಿ ಹೇಳಿತು! ಲೋಡ್ ಕರೆದಾಗಲೇ 'ಟ್ರಂಕೇಟೆಡ್' ಅಂತ ಎರರ್ ಬಂತು. ಲೋಡ್ ಬಿಡಲೇಬಾರದು.

ಇನ್ನು ಚಿತ್ರ ಸರಿಯಿದ್ದು ಹಾಳೆಯಲ್ಲಿ ಏನೂ ಬರೆದಿಲ್ಲ ಅಂತ ತಿಳಿಯುವುದು ಹೇಗೆ? ಚಿತ್ರದಲ್ಲಿ ಏನಾದರೂ ಇರುವ ಭಾಗದ ಚೌಕಟ್ಟು ಹೇಳುವ ಗೆಟ್‌ಬಿಬಾಕ್ಸ್ ಪಿಲ್ಲೋದಲ್ಲಿ ಇದೆ, ಆದರೆ ಅದರ ಲೆಕ್ಕದಲ್ಲಿ ಖಾಲಿ ಅಂದರೆ ಪೂರಾ ಕಪ್ಪು, ಅಂದರೆ ಸೊನ್ನೆ. ಬಿಳಿ ಹಾಳೆಯನ್ನು ಮೊದಲು ಇನ್ವರ್ಟ್ ಮಾಡಬೇಕು, ಅಂದರೆ ಬಿಳಿ ಕಪ್ಪಾಗಬೇಕು, ಕಪ್ಪು ಬಿಳಿಯಾಗಬೇಕು. ಮಾಡಿದರೂ ನಮ್ಮ ಹಾಳೆಗೆ ಅದು ಸಾಲಲಿಲ್ಲ. ಅಜ್ಜನ ಕಾಗದ ಅಚ್ಚ ಬಿಳಿ ಎಲ್ಲಿದೆ? ಹಳದಿ ಬಣ್ಣ, ಥಂಡಿಯ ಕಲೆ, ಹಿಂಬದಿಯ ಶಾಯಿ ಮೂಡಿದ್ದು. ಒಂದು ಧೂಳಿನ ಕಣ ಇದ್ದರೂ ಖಾಲಿಯಲ್ಲ ಅನ್ನುತ್ತದೆ. ಕೊನೆಗೆ ಚಿತ್ರವನ್ನು ಗ್ರೇ ಮಾಡಿ, ಅಂಚಿನಿಂದ 40 ಪಿಕ್ಸೆಲ್ ಕತ್ತರಿಸಿ, ಹಿಸ್ಟೋಗ್ರಾಮ್‌ನಲ್ಲಿ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಅನ್ನುವ ಲೆಕ್ಕ; ಸೊನ್ನೆ ಕಪ್ಪು, 255 ಬಿಳಿ) 110ಕ್ಕಿಂತ ಕಡಿಮೆ ಇರುವ ಪಿಕ್ಸೆಲ್ ಎಣಿಸಿದೆ. ಶೇಕಡಾ 0.2ಕ್ಕಿಂತ ಕಡಿಮೆ ಬಂದರೆ ಖಾಲಿ. ಇದಕ್ಕೆ ಸಿದ್ಧ ಫಂಕ್ಷನ್ ಒಂದನ್ನು ಪಿಲ್ಲೋದವರೇ ಕೊಟ್ಟಿದ್ದರೆ ಚೆನ್ನಾಗಿತ್ತು, ಅಲ್ವಾ? ಆದರೂ ಬರೆದದ್ದು ಹತ್ತೇ ಸಾಲು, ಲೈಬ್ರರಿಯೂ ಪುಕ್ಕಟೆ. ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡುತ್ತೇನೆ.

ಅಳಿಸುವ ಮೊದಲು ಖಾಲಿ ಅಂತ ಬಂದ ಚಿತ್ರಗಳ ಮೇಲೆ ಒಮ್ಮೆ ಕಣ್ಣಾಡಿಸಿದೆ. ಒಂದು ಹಾಳೆಯ ಕೆಳಗೆ ಮಾಸಿದ ಪೆನ್ಸಿಲಿನಲ್ಲಿ ಒಂದೇ ಸಾಲು: 'ಮೂರನೇ ಸಲ ಔಷಧಿ ಹೊಡೆದರೂ ಕೊಳೆ ನಿಲ್ಲಲಿಲ್ಲ.' ಸೀಸದ ಗೆರೆ ಎಷ್ಟು ತೆಳು ಅಂದರೆ 110ರ ಗೆರೆ ದಾಟಿ ಬಿಳಿಯ ಕಡೆ ಸೇರಿತ್ತು. ಆವತ್ತೇ ಸ್ಕ್ರಿಪ್ಟಿನಿಂದ ಅಳಿಸುವ ಸಾಲು ತೆಗೆದೆ. ಈಗ ಅಂಥವೆಲ್ಲ 'ಅನುಮಾನ' ಅನ್ನುವ ಫೋಲ್ಡರಿಗೆ ಹೋಗುತ್ತವೆ. ಸಂಜೆ ಚಹಾ ಹಿಡಿದು ನಾನೂ ಆಯಿಯೂ ಒಂದೊಂದಾಗಿ ನೋಡುತ್ತಿದ್ದೇವೆ.