ಮದರ್‌ಬೋರ್ಡ್ ಕೈಪಿಡಿಯ ಸ್ಟೋರೇಜ್ ಪುಟ ಓದದೆ ಎಂ.2 ಎಸ್‌ಎಸ್‌ಡಿ ಕೊಳ್ಳಬೇಡಿ: ಮೊದಲ ಗೇಮಿಂಗ್ ಪಿಸಿ ಜೋಡಿಸುವವರಿಗೆ ಎಚ್ಚರಿಕೆ

ಮೊದಲ ಗೇಮಿಂಗ್ ಕಂಪ್ಯೂಟರಿಗೆಂದು ಕೊಂಡ ಈ ಪಟ್ಟಿ ನೋಡಿ. ರೈಝೆನ್ 5 5500 ಪ್ರೊಸೆಸರ್, ಬಿ450 ಚಿಪ್‌ಸೆಟ್ಟಿನ (ಬೋರ್ಡಿನ ನಿಯಂತ್ರಕ ಚಿಪ್ಪಿನ) ಮದರ್‌ಬೋರ್ಡ್, ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, ಸೆಕೆಂಡಿಗೆ 7000 ಎಂಬಿ ಓದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ 1 ಟಿಬಿಯ, ತೆಳು ಪಟ್ಟಿಯಂತೆ ಬೋರ್ಡಿನ ಎಂ.2 ಸ್ಲಾಟಿನಲ್ಲಿ ಕೂರುವ ಪಿಸಿಐಇ 4.0 ಎಸ್‌ಎಸ್‌ಡಿ, ಹಳೆಯ ಫೈಲುಗಳಿಗೆ ಒಂದು ಸಾಟಾ (ಡಿಸ್ಕುಗಳ ಹಳೆಯ, ನಿಧಾನದ ಸಂಪರ್ಕ) ಹಾರ್ಡ್ ಡಿಸ್ಕ್. ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಯಾವುದೂ ಕೆಟ್ಟ ಮಾಲಲ್ಲ. ಆದರೆ ಎಲ್ಲ ಜೋಡಿಸಿ ವಿಂಡೋಸ್ ಹಾಕಿದ ಮೇಲೆ ಎಸ್‌ಎಸ್‌ಡಿಯ ವೇಗ 3500 ಎಂಬಿಯ ಆಸುಪಾಸಿನಲ್ಲೇ ನಿಂತಿತು. ಹಾರ್ಡ್ ಡಿಸ್ಕ್ ಬಯಾಸ್‌ನಲ್ಲಿ (ಚಾಲೂ ಆದೊಡನೆ ಭಾಗಗಳನ್ನು ಗುರುತಿಸುವ ಬೋರ್ಡಿನ ಮೂಲ ತಂತ್ರಾಂಶ) ಕಾಣಿಸಲೇ ಇಲ್ಲ. ಆಟದಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರಗಳ) ಗುಣಮಟ್ಟ ಸ್ವಲ್ಪ ಏರಿಸಿದರೆ ಸಾಕು, ಚಿತ್ರ ತಡವರಿಸತೊಡಗಿತು.

ಒಂದು ಭಾಗವೂ ಕೆಟ್ಟಿರಲಿಲ್ಲ. ಆದ್ದರಿಂದಲೇ ಇಂಥ ಕಡೆ ವಾರಂಟಿಯೂ ನೆರವಿಗೆ ಬರುವುದಿಲ್ಲ, ವಾಪಸಿಗೆ ಕಾರಣವೂ ಸಿಗುವುದಿಲ್ಲ. ಪ್ರೊಸೆಸರ್, ಬೋರ್ಡು, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡು ನಾಲ್ಕೂ ಹಂಚಿಕೊಳ್ಳುವುದು ಒಂದೇ ಲೆಕ್ಕದ ಪಿಸಿಐಇ ಲೇನುಗಳನ್ನು, ಅಂದರೆ ಭಾಗಗಳ ನಡುವೆ ಮಾಹಿತಿ ಸಾಗುವ ಹಾದಿಗಳನ್ನು. ಆ ಲೆಕ್ಕ ಹಾಕದೆ ಕೊಂಡದ್ದೇ ಎಲ್ಲದಕ್ಕೂ ಕಾರಣ.

ಲೆಕ್ಕ ಕಷ್ಟದ್ದೇನಲ್ಲ. ಪಿಸಿಐಇ 2.0ರ ಒಂದು ಲೇನ್ ಸೆಕೆಂಡಿಗೆ 500 ಎಂಬಿ ಸಾಗಿಸುತ್ತದೆ, 3.0 ಸುಮಾರು 985, 4.0 ಸುಮಾರು 1970, 5.0 ಸುಮಾರು 3940. ಎನ್‌ವಿಎಂಇ ಎಸ್‌ಎಸ್‌ಡಿ (ಪಿಸಿಐಇ ಹಾದಿಯಲ್ಲಿ ಓಡುವ ಬಗೆ) ಬಳಸುವುದು ಹೆಚ್ಚೆಂದರೆ ನಾಲ್ಕು ಲೇನು. ಎಸ್‌ಎಸ್‌ಡಿ, ಸ್ಲಾಟು, ಪ್ರೊಸೆಸರ್ ಈ ಮೂರರಲ್ಲಿ ಯಾವುದು ಹಿಂದಿನ ತಲೆಮಾರಿನದೋ ಉಳಿದೆರಡೂ ಅದರ ವೇಗಕ್ಕೆ ಇಳಿಯುತ್ತವೆ. ಮೇಲಿನ ಪಟ್ಟಿಯಲ್ಲಿ ಬಿ450 ಬೋರ್ಡೂ 3.0, ರೈಝೆನ್ 5 5500 ಕೂಡ 3.0. ಹಾಗಾಗಿ ಬೋರ್ಡನ್ನು ಬದಲಿಸಿ ಬಿ550 ಹಾಕಿದ್ದರೂ ವೇಗ ಏರುತ್ತಿರಲಿಲ್ಲ. ಹೆಸರಿನಲ್ಲಿ ಅದಕ್ಕೆ ತೀರ ಹತ್ತಿರವಿರುವ ರೈಝೆನ್ 5 5600 ಮಾತ್ರ 4.0 ಕೊಡುತ್ತದೆ, 5600ಜಿ ಕೊಡುವುದಿಲ್ಲ. ಒಂದು ಅಂಕಿ, ಕೊನೆಯ ಒಂದು ಅಕ್ಷರದಲ್ಲಿ ಇಷ್ಟು ವ್ಯತ್ಯಾಸವಿದೆ.

ಹಾರ್ಡ್ ಡಿಸ್ಕ್ ಕಾಣೆಯಾದದ್ದರ ಕಾರಣ ಬೇರೆ. ಎಎಂ4 ಸಾಕೆಟ್ಟಿನ (ಈ ರೈಝೆನ್ ಬೋರ್ಡಿನಲ್ಲಿ ಕೂರುವ ಜಾಗ) ಪ್ರೊಸೆಸರಿನಲ್ಲಿ ಸ್ಟೋರೇಜಿಗೆಂದು ಮೀಸಲಿಟ್ಟ ನಾಲ್ಕು ಲೇನುಗಳಿವೆ. ಅವನ್ನು ಪೂರ್ತಿಯಾಗಿ ಎನ್‌ವಿಎಂಇಗೆ ಕೊಡಬಹುದು, ಇಲ್ಲವೇ ಎರಡು ಲೇನು ಎನ್‌ವಿಎಂಇಗೂ ಎರಡು ಸಾಟಾ ಪೋರ್ಟಿಗೂ ಹಂಚಬಹುದು. ಹಲವು ಬಿ450 ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ನಾಲ್ಕು ಲೇನಿನ ಎಸ್‌ಎಸ್‌ಡಿ ಕೂರಿಸಿದ ಕೂಡಲೇ ಎರಡು ಸಾಟಾ ಪೋರ್ಟುಗಳು ಮುಚ್ಚಿಹೋಗುತ್ತವೆ. ಯಾವ ಎರಡು ಎಂಬುದು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೇಬಲನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ಡಿಸ್ಕ್ ಮತ್ತೆ ಕಾಣಿಸುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಡಿಸ್ಕನ್ನೇ ಸತ್ತಿತೆಂದು ಎಸೆದವರಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ನೋವಿನದು, ಏಕೆಂದರೆ ಅದಕ್ಕೆ ಮದ್ದಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಉದ್ದನೆಯ ಸ್ಲಾಟಿನಲ್ಲಿ ಕೂತರೂ ಬಳಸುವುದು ನಾಲ್ಕೇ ಲೇನು. 4.0 ಬೋರ್ಡಿನಲ್ಲಿ ಅದು ಹೇಗೋ ಸಾಗುತ್ತದೆ, 3.0 ಬೋರ್ಡಿನಲ್ಲಿ ಹಾದಿ ಅರ್ಧಕ್ಕಿಳಿಯುತ್ತದೆ. ಕಾರ್ಡಿನ ಮೆಮೊರಿ 4 ಜಿಬಿ. ಅದು ತುಂಬಿದ ಮೇಲೆ ಟೆಕ್ಸ್‌ಚರುಗಳು ಮುಖ್ಯ ರ‍್ಯಾಮಿನಿಂದ ಈ ಕಿರಿದಾದ ಹಾದಿಯಲ್ಲೇ ಬರಬೇಕು. ತಡವರಿಕೆ ಹುಟ್ಟುವುದು ಅಲ್ಲಿ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಎಂಟು ಲೇನಿನ ಕಾರ್ಡುಗಳು, 8 ಜಿಬಿ ಮೆಮೊರಿಯವು, 3.0 ಬೋರ್ಡಿನಲ್ಲಿ ಅವುಗಳಿಗೆ ಆಗುವ ನಷ್ಟ ಸಾಮಾನ್ಯವಾಗಿ ಸಣ್ಣದು.

ಬಿ450 ಹಳೆಯದು, ಹೊಸ ಬೋರ್ಡು ಕೊಂಡರೆ ಈ ರಗಳೆ ಇಲ್ಲ ಎಂದುಕೊಳ್ಳಬೇಡಿ. ಇಂಟೆಲ್ ಬಿ560 ಬೋರ್ಡಿಗೆ 10ನೇ ತಲೆಮಾರಿನ ಪ್ರೊಸೆಸರ್ ಹಾಕಿದರೆ ಪ್ರೊಸೆಸರಿಗೆ ನೇರ ಜೋಡಿಸಿರುವ ಎಂ.2 ಸ್ಲಾಟು ಪೂರ್ತಿ ನಿಷ್ಕ್ರಿಯ. ಆ ಸ್ಲಾಟಿಗೆ ಬೇಕಾದ ನಾಲ್ಕು ಲೇನು 11ನೇ ತಲೆಮಾರಿನಲ್ಲಷ್ಟೇ ಬಂದದ್ದು. ಎಚ್610 ಚಿಪ್‌ಸೆಟ್ಟಿನ ಎಂ.2 ನಡೆಯುವುದು 3.0ರಲ್ಲಿ. ಎಲ್‌ಜಿಎ1700 ಸಾಕೆಟ್ಟಿನ ದುಬಾರಿ ಇಂಟೆಲ್ ಬೋರ್ಡುಗಳಲ್ಲಿ 5.0 ಎಂ.2 ಸ್ಲಾಟು ಇದ್ದರೆ ಅದು ತನ್ನ ಲೇನುಗಳನ್ನು ಪಡೆಯುವುದು ಗ್ರಾಫಿಕ್ಸ್ ಕಾರ್ಡಿನ ಪಾಲಿನಿಂದ: ಅಲ್ಲಿ ಎಸ್‌ಎಸ್‌ಡಿ ಕೂತರೆ ಕಾರ್ಡು ಹದಿನಾರರಿಂದ ಎಂಟು ಲೇನಿಗೆ ಇಳಿಯುತ್ತದೆ. ರೈಝೆನ್‌ನ ಹೊಸ ಸಾಕೆಟ್ಟಾದ ಎಎಂ5ನಲ್ಲಿ ರೈಝೆನ್ 5 8500ಜಿ ಕೊಂಡು, ಮುಂದೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಹಾಕೋಣ ಎನ್ನುವವರು ತಿಳಿದಿರಬೇಕಾದದ್ದು: ಆ ಪ್ರೊಸೆಸರ್ ಕಾರ್ಡಿಗೆ ಕೊಡುವುದು ನಾಲ್ಕೇ ಲೇನು, ಅದೂ 4.0.

ಹಾಗಾಗಿ ಕೊಳ್ಳುವ ಮೊದಲು ಬೋರ್ಡು ತಯಾರಕರ ತಾಣದಿಂದ ಕೈಪಿಡಿಯ ಪಿಡಿಎಫ್ ಇಳಿಸಿಕೊಂಡು ಸ್ಟೋರೇಜ್ ವಿವರವಿರುವ ಪುಟ ತೆರೆಯಿರಿ. ಮಾರಾಟದ ಪುಟದಲ್ಲಿರುವ ಬಣ್ಣದ ಚಿತ್ರ ಸಾಲದು. ಪ್ರತಿ ಎಂ.2 ಸ್ಲಾಟಿನ ಎದುರು ಪಿಸಿಐಇ ತಲೆಮಾರು ಯಾವುದು, ಲೇನ್ ಎಷ್ಟು, ಸಾಟಾ ಮಾದರಿಯ ಎಸ್‌ಎಸ್‌ಡಿ ನಡೆಯುತ್ತದೆಯೇ, ಲೇನು ಪ್ರೊಸೆಸರಿನಿಂದಲೋ ಚಿಪ್‌ಸೆಟ್ಟಿನಿಂದಲೋ, ಅದನ್ನು ಬಳಸಿದರೆ ಬೇರೆ ಏನು ಮುಚ್ಚುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡನೇ ಸ್ಲಾಟಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಗ್ಗದ ಬೋರ್ಡುಗಳಲ್ಲಿ ಎರಡನೆಯದು ಕೆಲವೊಮ್ಮೆ ಸಾಟಾ ಮಾತ್ರ, ಕೆಲವೊಮ್ಮೆ ಎರಡೇ ಲೇನು. ಬೋರ್ಡಿನ ಪೂರ್ಣ ಹೆಸರನ್ನೂ ಪರಿಷ್ಕರಣೆಯ ಸಂಖ್ಯೆಯನ್ನೂ ಹೋಲಿಸಿ ನೋಡಿ. ಕೊನೆಯಲ್ಲಿ ಒಂದು ಅಕ್ಷರ ಸೇರಿದರೆ ಅದು ಬೇರೆಯದೇ ಬೋರ್ಡು.

ಇನ್ನು ಎಸ್‌ಎಸ್‌ಡಿ. ಎಂ.2 ಎಂಬುದು ಆಕಾರದ ಹೆಸರಷ್ಟೇ, ವೇಗದ ಹೆಸರಲ್ಲ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಅದೇ ಪಟ್ಟಿಯ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಅದರ ಮಿತಿ ಸೆಕೆಂಡಿಗೆ ಸುಮಾರು 550 ಎಂಬಿ. ಸಾಟಾ ಪಟ್ಟಿಯ ಚಿನ್ನದ ಬಣ್ಣದ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚುಗಳಿರುತ್ತವೆ, ಎನ್‌ವಿಎಂಇಯಲ್ಲಿ ಬಹುಪಾಲು ಒಂದೇ. ಎರಡು ಕಚ್ಚಿನ ಎನ್‌ವಿಎಂಇಗಳೂ ಇರುವುದರಿಂದ ಕಣ್ಣಳತೆಗಿಂತ ಮಾದರಿ ಸಂಖ್ಯೆಯನ್ನು ನಂಬಿ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿಗೆ ಸಾಟಾ ಪಟ್ಟಿ ಹಾಕಿದರೆ ಅದು ಸರಿಯಾಗಿ ಕೂರುತ್ತದೆ, ಆದರೆ ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ.

ಡಬ್ಬಿಯ ಮೇಲಿನ ದೊಡ್ಡ ಅಂಕಿ ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದುವಾಗ ಬರುವ ಗರಿಷ್ಠ. ಆಟ ತೆರೆಯುವಾಗ ಆಗುವುದು ಸಾವಿರಾರು ಸಣ್ಣ ಓದುಗಳು, ಅವನ್ನು ಬಿಚ್ಚಿ ಹರಡುವ ಪ್ರೊಸೆಸರಿನ ಕೆಲಸ. ಅದಕ್ಕೇ ಒಳ್ಳೆಯ 3.0 ಎಸ್‌ಎಸ್‌ಡಿಗೂ 4.0ಕ್ಕೂ ಹೆಚ್ಚಿನ ಆಟಗಳಲ್ಲಿ ಕಾಯುವ ಹೊತ್ತಿನ ವ್ಯತ್ಯಾಸ ಒಂದೆರಡು ಸೆಕೆಂಡು ಮಾತ್ರ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಕಾಣುವ ನೆಗೆತ ಅಲ್ಲಿ ಇಲ್ಲ. ಮೊದಲ ಗೇಮಿಂಗ್ ಪಿಸಿಗೆ 5.0 ಎಸ್‌ಎಸ್‌ಡಿ ಬೇಡವೇ ಬೇಡ. ಆ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿ, ಇಲ್ಲವೇ 1 ಟಿಬಿಯ ಬದಲು 2 ಟಿಬಿ ಕೊಳ್ಳಿ. ಇಂದಿನ ದೊಡ್ಡ ಆಟ ಒಂದೊಂದೂ 100 ಜಿಬಿ ದಾಟುತ್ತದೆ, 1 ಟಿಬಿ ವಿಂಡೋಸ್‌ನಲ್ಲಿ ಕಾಣುವುದು 931 ಜಿಬಿಯಾಗಿ.

ಕೇಳಬೇಕಾದ ನಿಜವಾದ ಪ್ರಶ್ನೆ ಒಳಗಿನ ಮೆಮೊರಿ ಕೋಶದ್ದು. ಟಿಎಲ್‌ಸಿ ಒಂದು ಕೋಶದಲ್ಲಿ 3 ಬಿಟ್ ಇಡುತ್ತದೆ, ಕ್ಯೂಎಲ್‌ಸಿ 4. ಎರಡೂ ಬಗೆ ಖಾಲಿ ಕೋಶಗಳನ್ನು ತಾತ್ಕಾಲಿಕವಾಗಿ ಒಂದೇ ಬಿಟ್ಟಿನಂತೆ ಬಳಸಿ ವೇಗ ತೋರಿಸುತ್ತವೆ. ಡಬ್ಬಿಯ ಮೇಲೆ ಅಚ್ಚಾದ ಬರೆಯುವ ವೇಗ ಅದೇ. ಆ ತಾತ್ಕಾಲಿಕ ಜಾಗ ತುಂಬಿದ ಮೇಲೆ ಅಗ್ಗದ ಕ್ಯೂಎಲ್‌ಸಿ ಸೆಕೆಂಡಿಗೆ 100 ಎಂಬಿಯ ಹತ್ತಿರಕ್ಕೂ ಇಳಿಯಬಹುದು, ಅಂದರೆ ಹಾರ್ಡ್ ಡಿಸ್ಕಿನ ಮಟ್ಟಕ್ಕೆ. ಡ್ರೈವ್ ತುಂಬುತ್ತಾ ಹೋದಂತೆ ಖಾಲಿ ಕೋಶ ಕಡಿಮೆಯಾಗಿ ಈ ಕುಸಿತ ಬೇಗ ಬರುತ್ತದೆ, ಆದ್ದರಿಂದ 15ರಿಂದ 20 ಶೇಕಡಾ ಜಾಗ ಖಾಲಿ ಬಿಡಿ. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವಿಗೆ ಬರೆಯುವ ಬಾಳಿಕೆ ಸಾಮಾನ್ಯವಾಗಿ 600 ಟಿಬಿಡಬ್ಲ್ಯೂ (ಒಟ್ಟು ಬರೆಯಬಹುದಾದ ಟೆರಾಬೈಟ್) ಎಂದಿರುತ್ತದೆ. 200ರ ಸುತ್ತ ಇದ್ದರೆ ಒಳಗಿರುವುದು ಕ್ಯೂಎಲ್‌ಸಿ ಇರಬಹುದೆಂದು ಅನುಮಾನಿಸಿ. ಡಿರ‍್ಯಾಮ್ ಎಂಬ ತನ್ನದೇ ಸಹಾಯಕ ಮೆಮೊರಿ ಇಲ್ಲದ ಡ್ರೈವು ಎಂದು ಕೇಳಿದೊಡನೆ ಹೆದರಬೇಕಿಲ್ಲ; ಕಂಪ್ಯೂಟರಿನ ರ‍್ಯಾಮಿನಿಂದ ಕೆಲವು ಹತ್ತು ಎಂಬಿ ಎರವಲು ಪಡೆಯುವ ಎಚ್‌ಎಂಬಿ ಸೌಲಭ್ಯವಿದ್ದರೆ ಆಟಗಳಿಗೆ ಅದು ಸಾಕು. ಹಳೆಯ ವಿಮರ್ಶೆಗಳನ್ನು ಮಾತ್ರ ಕುರುಡಾಗಿ ನಂಬಬೇಡಿ. ಕ್ರೂಶಿಯಲ್ ಪಿ2 ಟಿಎಲ್‌ಸಿಯಾಗಿ ಬಂದು ಅದೇ ಹೆಸರಿನಲ್ಲೇ ಕ್ಯೂಎಲ್‌ಸಿಗೆ ಬದಲಾದದ್ದು 2021ರಲ್ಲಿ ಬಯಲಾಯಿತು. ಹೊಸ ತಾರೀಕಿನ ವಿಮರ್ಶೆ ಹುಡುಕಿ.

ಜೋಡಣೆಯಲ್ಲಿ ಕೆಡುವುದು ಸಣ್ಣ ಸಂಗತಿಗಳಲ್ಲಿ. ಎಂ.2 ಪಟ್ಟಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಒತ್ತಿ ಸ್ಕ್ರೂ ಹಾಕಿ. ಸ್ಕ್ರೂವಿನ ಕೆಳಗಿನ ಹಿತ್ತಾಳೆಯ ಪುಟ್ಟ ಕಂಬ 80 ಮಿ.ಮೀ. ತೂತಿನಲ್ಲಿರಬೇಕು, ಕಂಬವಿಲ್ಲದೆ ಬಿಗಿದರೆ ಪಟ್ಟಿ ಬಿಲ್ಲಿನಂತೆ ಬಾಗಿ ಬೆಸುಗೆ ಬಿರುಕು ಬಿಡಬಹುದು. ಬೋರ್ಡಿನ ಹೀಟ್‌ಸಿಂಕ್ ಕೆಳಗಿನ ಥರ್ಮಲ್ ಪ್ಯಾಡಿನ ಮೇಲೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಅದನ್ನು ಸುಲಿಯದೆ ಮುಚ್ಚಿದವರ ಡ್ರೈವು ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ದೂರು ಮಾತ್ರ ಡ್ರೈವಿನ ಮೇಲೆ. ಡ್ರೈವಿಗೆ ತನ್ನದೇ ಹೀಟ್‌ಸಿಂಕ್ ಅಂಟಿಕೊಂಡೇ ಬಂದಿದ್ದರೆ ಬೋರ್ಡಿನದನ್ನು ಬಿಡಿ, ಒಂದರ ಮೇಲೊಂದು ಬೇಡ. ರ‍್ಯಾಮ್ ಕಡ್ಡಿ ಎರಡೇ ಇದ್ದರೆ ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಅವಕ್ಕೆ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟು. ಡಿಡಿಆರ್5 ಬೋರ್ಡು ಮೊದಲ ಸಲ ಚಾಲೂ ಆದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಮೆಮೊರಿ ಹೊಂದಿಸಿಕೊಳ್ಳುವ ಹೊತ್ತದು, ಗಾಬರಿಯಿಂದ ವಿದ್ಯುತ್ ಕಡಿಯಬೇಡಿ.

ಬಯಾಸ್ ಬಗ್ಗೆ ತಾತ್ಸಾರ ಬೇಡ. 2018ರ ಬಿ450 ಬೋರ್ಡು 2022ರ 5500 ಪ್ರೊಸೆಸರನ್ನು ಗುರುತಿಸಬೇಕಾದರೆ ಹೊಸ ಬಯಾಸ್ ಬೇಕು. ಗೋದಾಮಿನಲ್ಲಿ ಉಳಿದ ಹಳೆಯ ಬೋರ್ಡು ಬಂದರೆ ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ. ಆದ್ದರಿಂದ ಪ್ರೊಸೆಸರ್ ಇಲ್ಲದೆಯೇ ಬಯಾಸ್ ಬದಲಿಸುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡನ್ನೇ ಆರಿಸಿ. ಯುಎಸ್‌ಬಿ ಕಡ್ಡಿಯನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಫೈಲಿಗೆ ಕೈಪಿಡಿ ಹೇಳಿದ ಹೆಸರನ್ನೇ ಇಟ್ಟು, ಗುರುತು ಹಾಕಿದ ಪೋರ್ಟಿಗೇ ಚುಚ್ಚಿ, ಗುಂಡಿ ಒತ್ತಿ, ದೀಪ ಮಿನುಗುವುದು ನಿಲ್ಲುವವರೆಗೆ ಮುಟ್ಟದಿರಿ. ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ವೋಲ್ಟೇಜ್ ಅತಿಯಾಗಿ ಏರಿ ಚಿಪ್ ಸವೆಯುವ ದೋಷಕ್ಕೆ 2024ರಲ್ಲಿ ಬಂದ ಪರಿಹಾರವೂ ಬಯಾಸ್ ಮೂಲಕವೇ ಸಿಗುವುದು. ಅಂಥ ಪ್ರೊಸೆಸರ್ ಇದ್ದರೆ ಆಟ ಹಾಕುವ ಮೊದಲೇ ಅದನ್ನು ಮುಗಿಸಿ.

ವಿಂಡೋಸ್ ಹಾಕುವಾಗ ಎಂ.2 ಒಂದನ್ನೇ ಬಿಟ್ಟು ಉಳಿದ ಡಿಸ್ಕುಗಳ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಹಳೆಯ ಹಾರ್ಡ್ ಡಿಸ್ಕಿಗೆ ಹೋಗಿ ಕೂರಬಹುದು, ಮುಂದೆ ಅದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಕೆಲವು ಯಂತ್ರಗಳಲ್ಲಿ ಸ್ಥಾಪನೆಯ ಪರದೆಯಲ್ಲಿ ಡ್ರೈವೇ ಕಾಣದಿದ್ದರೆ ಬಯಾಸ್‌ನಲ್ಲಿ ವಿಎಂಡಿ (ಡ್ರೈವುಗಳನ್ನು ನಿರ್ವಹಿಸುವ ಇಂಟೆಲ್ ಸೌಲಭ್ಯ) ಆಯ್ಕೆ ಚಾಲೂ ಇರಬಹುದು, ಅದನ್ನು ಬಂದ್ ಮಾಡಿ ನೋಡಿ. ವಿಂಡೋಸ್ ಹಾಕಿದ ಮೇಲೆ ಮಾತ್ರ ಅದನ್ನು ಬದಲಿಸಬೇಡಿ, ಬೂಟ್ ನಿಲ್ಲುತ್ತದೆ.

ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮಾಡಿಬಿಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ತೆರೆದರೆ ವರ್ಗಾವಣೆಯ ವಿಧಾನ (Transfer Mode) ಎಂಬ ಕಡೆ ಎರಡು ಅಂಕಿ ಕಾಣುತ್ತವೆ: ಮೊದಲನೆಯದು ಈಗ ನಡೆಯುತ್ತಿರುವ ವೇಗ, ಎರಡನೆಯದು ಡ್ರೈವಿನ ಸಾಮರ್ಥ್ಯ. ಎರಡೂ ಒಂದೇ ಇಲ್ಲದಿದ್ದರೆ ಕೈಪಿಡಿಗೆ ಹಿಂದಿರುಗಿ. ಹೊಸದೆಂದು ಕೊಂಡ ಡ್ರೈವಿನಲ್ಲಿ ನಡೆದ ಗಂಟೆಗಳು ನೂರಾರು ತೋರಿಸಿದರೆ ಅದು ಬಳಸಿದ ಮಾಲು. ಗ್ರಾಫಿಕ್ಸ್ ಕಾರ್ಡಿನ ಲೇನನ್ನು ಜಿಪಿಯು-ಝಡ್ ತಂತ್ರಾಂಶ ತೋರಿಸುತ್ತದೆ. ಕಾರ್ಡು ಸುಮ್ಮನಿರುವಾಗ ವೇಗ ತಗ್ಗಿಸಿಕೊಂಡಿರುವುದರಿಂದ ಅದರಲ್ಲೇ ಇರುವ ರೆಂಡರ್ ಪರೀಕ್ಷೆ ಓಡಿಸಿ ಓದಿ. ಅನುಮಾನಕ್ಕೆ ಎಡೆ ಕೊಡುವಷ್ಟು ಅಗ್ಗಕ್ಕೆ ಸಿಕ್ಕ ಡ್ರೈವಾದರೆ ಎಚ್2ಟೆಸ್ಟ್‌ಡಬ್ಲ್ಯೂನಿಂದ ಪೂರ್ತಿ ಜಾಗ ತುಂಬಿಸಿ ಮತ್ತೆ ಓದಿಸಿ. ಹೇಳಿದಷ್ಟು ಜಾಗವಿಲ್ಲದ ನಕಲಿ ಡ್ರೈವು ಅಲ್ಲಿ ತಪ್ಪು ತೋರಿಸಿ ಸಿಕ್ಕಿಬೀಳುತ್ತದೆ. ಈ ಪರೀಕ್ಷೆಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ.