ಸಾಲು ಸೇರಿಸಿದಾಗಲೆಲ್ಲ ಹ್ಯಾಂಡ್ಲರ್ ಜೋಡಿಸುವ ಪುಟಗಳ ಬಗ್ಗೆ ಎಚ್ಚರಿಕೆ

ಸಗಟು ವ್ಯಾಪಾರಿಯೊಬ್ಬರ ಆರ್ಡರ್ ಪುಟವನ್ನು ನೋಡಿಕೊಳ್ಳುವ ಕೆಲಸ ನನ್ನ ಕೈಗೆ ಬರುವ ಹೊತ್ತಿಗೆ ಅವರ ಗ್ರಾಹಕರ ದೂರು ಜೋರಾಗಿತ್ತು. ಕೇಳಿದ್ದಕ್ಕಿಂತ ಹೆಚ್ಚು ಸರಕು ಬರುತ್ತಿತ್ತು, ಬಿಲ್ಲೂ ಅದಕ್ಕೆ ತಕ್ಕಂತೆ ಏರುತ್ತಿತ್ತು. ಪುಟ ಮಾಡಿಕೊಟ್ಟಿದ್ದ ಸಂಸ್ಥೆಯವರು, ಗ್ರಾಹಕರೇ ಅವಸರದಲ್ಲಿ ಎರಡೆರಡು ಸಲ ಒತ್ತುತ್ತಾರೆ ಎಂದು ಹೇಳಿ ಕೈತೊಳೆದುಕೊಂಡಿದ್ದರು. ಅದು ನಿಜವಾಗಿರಲಿಲ್ಲ, ಮತ್ತು ಅದೇ ದೋಷ ಇನ್ನೂ ಎಷ್ಟೋ ಪುಟಗಳಲ್ಲಿ ಅಡಗಿರಬಹುದಾದ್ದರಿಂದ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪುಟ ತೆರೆದಾಗ ಒಂದು ಸಾಲು ಇರುತ್ತದೆ. ‘ಸಾಲು ಸೇರಿಸಿ’ ಎಂಬ ಬಟನ್ ಒತ್ತಿದಂತೆ ಹೊಸ ಸಾಲುಗಳು ಬರುತ್ತವೆ. ಪ್ರತಿ ಸಾಲಿನಲ್ಲೂ ಪ್ರಮಾಣ ಹೆಚ್ಚಿಸುವ ಪ್ಲಸ್ ಬಟನ್ ಇದೆ. ಒಂದೇ ಸಾಲು ಇದ್ದಾಗ ಯಾವ ತೊಂದರೆಯೂ ಕಾಣಿಸದು. ನಾಲ್ಕು ಸಾಲು ಮಾಡಿಕೊಂಡು ಪ್ರತಿ ಸಾಲಿನ ಪ್ಲಸ್ ಬಟನ್ನನ್ನು ಒಂದೊಂದೇ ಸಲ ಒತ್ತಿದಾಗ, 1 ಇದ್ದ ಪ್ರಮಾಣ ಮೊದಲ ಸಾಲಿನಲ್ಲಿ 5, ಎರಡನೆಯದರಲ್ಲಿ 4, ಮೂರನೆಯದರಲ್ಲಿ 3 ಆಯಿತು. ಕೊನೆಯ ಸಾಲಿನಲ್ಲಿ ಮಾತ್ರ ಸರಿಯಾಗಿ 2. ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಆಗತಾನೇ ಸೇರಿಸಿದ ಸಾಲನ್ನೇ ಒತ್ತಿ ನೋಡುವುದರಿಂದ ಈ ದೋಷ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಕೋಡ್‌ನ ಹಳೆಯ ಆವೃತ್ತಿಗಳನ್ನು ನೋಡಿದಾಗ ಕಾರಣ ತಿಳಿಯಿತು. ಪುಟ ಮೊದಲು ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ‘ಲೈವ್’ ವಿಧಾನವನ್ನು ನಂಬಿಕೊಂಡಿತ್ತು. ಬಟನ್ ಒತ್ತಿದಾಗ ಓಡುವ ಕೋಡ್, ಅಂದರೆ ಹ್ಯಾಂಡ್ಲರ್, ಮುಂದೆ ಹುಟ್ಟುವ ಬಟನ್‌ಗಳಿಗೂ ಅದರಿಂದ ಅನ್ವಯಿಸುತ್ತಿತ್ತು. 2011ರಲ್ಲಿ ಬಂದ 1.7 ಆವೃತ್ತಿಯು ‘ಆನ್’ ವಿಧಾನವನ್ನು ತಂದು ‘ಲೈವ್’ ಬಳಸಬೇಡಿ ಎಂದಿತು, 2013ರ 1.9ರಲ್ಲಿ ‘ಲೈವ್’ ಅನ್ನು ತೆಗೆದೇ ಹಾಕಲಾಯಿತು. ಜೆಕ್ವೆರಿಯನ್ನು ಮೇಲ್ದರ್ಜೆಗೇರಿಸಿದವರು ಕೋಡ್‌ನಲ್ಲಿ ‘ಲೈವ್’ ಎಂದಿದ್ದ ಕಡೆಯಲ್ಲೆಲ್ಲ ‘ಆನ್’ ಎಂದಷ್ಟೇ ಬದಲಿಸಿದ್ದರು. ಹಾಗೆ ಬರೆದ ‘ಆನ್’ ಆ ಕ್ಷಣ ಪುಟದಲ್ಲಿ ಇರುವ ಬಟನ್‌ಗಳಿಗೆ ಮಾತ್ರ ಅಂಟಿಕೊಳ್ಳುತ್ತದೆಯೇ ಹೊರತು ಮುಂದೆ ಹುಟ್ಟುವವಕ್ಕೆ ಅನ್ವಯಿಸುವುದಿಲ್ಲ. ಹೊಸ ಸಾಲುಗಳು ಸ್ಪಂದಿಸದೇ ಹೋದಾಗ, ಆ ‘ಆನ್’ ಕೋಡನ್ನೇ ‘ಸಾಲು ಸೇರಿಸಿ’ ಫಂಕ್ಷನ್ನಿನೊಳಗೂ ಬರೆದು, ಪ್ರತಿ ಸಲವೂ ಪುಟದ ಎಲ್ಲ ಪ್ಲಸ್ ಬಟನ್‌ಗಳಿಗೆ ಮತ್ತೊಂದು ಹ್ಯಾಂಡ್ಲರ್ ಸೇರುವಂತೆ ಮಾಡಿದ್ದರು. ಬ್ರೌಸರಿನ ಡೆವಲಪರ್ ಪರಿಕರದಲ್ಲಿ ಒಂದೇ ಲಿಸನರ್ (ಕ್ಲಿಕ್ಕಿಗಾಗಿ ಕಾಯುವ ಕೋಡ್) ಕಂಡು ಮೋಸಹೋಗಬೇಡಿ. ಜೆಕ್ವೆರಿ ಬ್ರೌಸರಿಗೆ ಒಂದನ್ನೇ ತೋರಿಸಿ, ಉಳಿದ ಪಟ್ಟಿಯನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ.

ದೋಷವನ್ನು ತೋರಿಸಿಕೊಟ್ಟ ಮೇಲೆ ಆ ಸಂಸ್ಥೆಯವರು ಕಳಿಸಿದ ತಿದ್ದುಪಡಿ ಇನ್ನೂ ಅಪಾಯಕಾರಿಯಾಗಿತ್ತು. ಹೊಸದನ್ನು ಜೋಡಿಸುವ ಮೊದಲು ‘ಆಫ್’ ಕರೆದು ಕ್ಲಿಕ್ ಹ್ಯಾಂಡ್ಲರ್‌ಗಳನ್ನೆಲ್ಲ ಕಿತ್ತುಹಾಕುವುದು ಅವರ ಉಪಾಯ. ಪ್ರಮಾಣವೇನೋ ಸರಿಯಾಯಿತು, ಆದರೆ ಅದೇ ಬಟನ್ನಿಗೆ ಬೇರೆ ಫೈಲಿನಿಂದ ಜೋಡಿಸಿದ್ದ, ದಾಸ್ತಾನು ಇದೆಯೇ ಎಂದು ನೋಡುವ ಹ್ಯಾಂಡ್ಲರ್ ಕೂಡ ಅದರ ಜೊತೆಗೇ ಹೋಯಿತು. ಯಾವ ಎರರ್ ಸಂದೇಶವೂ ಬರಲಿಲ್ಲ. ಗೋದಾಮಿನಲ್ಲಿ ಇಲ್ಲದ ಸರಕಿಗೆ ಆರ್ಡರ್‌ಗಳು ಬಿದ್ದು, ಬಹುಕಾಲದ ಗ್ರಾಹಕರ ಮುಂದೆ ಆ ವ್ಯಾಪಾರಿ ತಲೆತಗ್ಗಿಸಬೇಕಾಯಿತು. ಅದು ನನಗೆ ಇಂದಿಗೂ ಬೇಸರದ ವಿಷಯ.

ಸರಿಯಾದ ದಾರಿ ಇಷ್ಟೇ: ಸಾಲುಗಳನ್ನು ಹೊತ್ತಿರುವ, ತಾನು ಬದಲಾಗದ ಟೇಬಲ್ಲಿಗೆ ಪುಟ ತೆರೆದಾಗ ಒಂದೇ ಒಂದು ಹ್ಯಾಂಡ್ಲರ್ ಜೋಡಿಸಿ, ಒಳಗಿನ ಬಟನ್ನಿನಿಂದ ಮೇಲಕ್ಕೆ ಬರುವ ಕ್ಲಿಕ್ಕನ್ನು ಅಲ್ಲಿ ಹಿಡಿಯಬೇಕು. ಜೆಕ್ವೆರಿಯಲ್ಲಾದರೆ ಟೇಬಲ್ಲಿನ ಮೇಲೆ ‘ಆನ್’ ಕರೆದು, ಎರಡನೆಯ ಆರ್ಗ್ಯುಮೆಂಟ್ ಆಗಿ ಬಟನ್ನಿನ ಸೆಲೆಕ್ಟರ್ (ಯಾವ ಬಟನ್ ಎಂದು ಗುರುತಿಸುವ ಬರಹ) ಕೊಟ್ಟರೆ ಸಾಕು. ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವವರು ಈವೆಂಟಿನ ಟಾರ್ಗೆಟನ್ನು (ನಿಜವಾಗಿ ಒತ್ತಿದ ಭಾಗವನ್ನು) ನೇರವಾಗಿ ಹೋಲಿಸದೆ, ಅಲ್ಲಿಂದ ಮೇಲಕ್ಕೆ ಹುಡುಕಿ ಬಟನ್ನನ್ನು ಕಂಡುಹಿಡಿಯುವ ‘ಕ್ಲೋಸೆಸ್ಟ್’ ಬಳಸಬೇಕು; ಬಟನ್ನಿನೊಳಗೆ ಐಕಾನ್ ಇದ್ದು ಬೆರಳು ಅದರ ಮೇಲೆ ಬಿದ್ದರೆ ಟಾರ್ಗೆಟ್ ಆಗುವುದು ಐಕಾನೇ. ಬರೆಯುವ ಖಾನೆಯೊಳಗೆ ಬಂದಾಗ ಮತ್ತು ಅದನ್ನು ಬಿಟ್ಟಾಗ ಹುಟ್ಟುವ ಫೋಕಸ್ ಮತ್ತು ಬ್ಲರ್ ಈವೆಂಟ್‌ಗಳು ಹೀಗೆ ಮೇಲಕ್ಕೆ ಬರುವುದಿಲ್ಲವಾದ್ದರಿಂದ ಅವುಗಳ ಬದಲಿಗೆ ಫೋಕಸ್‌ಇನ್ ಮತ್ತು ಫೋಕಸ್‌ಔಟ್ ಇವೆ. ನಡುವೆ ಯಾರಾದರೂ, ಕ್ಲಿಕ್ ಮೇಲಕ್ಕೆ ಹೋಗುವುದನ್ನು ತಡೆಯುವ ‘ಸ್ಟಾಪ್ ಪ್ರಾಪಗೇಶನ್’ ಕರೆದಿದ್ದರೆ ಕ್ಲಿಕ್ ಟೇಬಲ್ಲನ್ನು ತಲುಪುವುದೇ ಇಲ್ಲ. ಅದನ್ನೂ ಹುಡುಕಿ ನೋಡಿ.

ಬೇರೆಯವರಿಂದ ಇಂಥ ಪುಟ ಮಾಡಿಸಿಕೊಳ್ಳುವವರು ಹಣ ಪಾವತಿಸುವ ಮೊದಲು ಕನಿಷ್ಠ ಮೂರು ಸಾಲು ಸೇರಿಸಿ, ಮೊದಲನೆಯ ಸಾಲಿನ ಬಟನ್ ಒಮ್ಮೆ ಒತ್ತಿ ನೋಡಿ. ಅಳಿಸುವ ಮತ್ತು ಉಳಿಸುವ ಬಟನ್‌ಗಳಿಗೂ ಹಾಗೆಯೇ ಮಾಡಿ, ಬ್ರೌಸರಿನ ಡೆವಲಪರ್ ಪರಿಕರದ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಒಂದು ಒತ್ತಿಗೆ ಸರ್ವರಿಗೆ ಒಂದೇ ಕೋರಿಕೆ ಹೋಗುತ್ತಿದೆಯೇ ಎಂದು ಪರಿಶೀಲಿಸಿ.